ಮನೆಯಿಂದಲೇ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ: ದೂರವಾಗುವುದು ತರಗತಿ ಮಾತ್ರ

ಊರಿನಲ್ಲಿ ಬಿ.ಇ. ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ, ಆಸ್ಟ್ರೇಲಿಯಾಕ್ಕೆ ಬಂದು ನೆಲೆಸಿದ ಅನೇಕರ ಮನಸ್ಸಿನಲ್ಲಿ ಒಂದು ಆಸೆ ಉಳಿದೇ ಇರುತ್ತದೆ: "ಎಂ.ಟೆಕ್. ಮಾಡಬೇಕಿತ್ತು." ಇಲ್ಲಿ ಮನೆಸಾಲ, ಮಕ್ಕಳ ಶಾಲೆ, ಶನಿವಾರದ ಈಜು, ಭಾನುವಾರದ ಕನ್ನಡ ತರಗತಿ ಇವುಗಳ ನಡುವೆ ಕೆಲಸ ಬಿಟ್ಟು ಕಾಲೇಜಿಗೆ ಹೋಗುವುದು ಹೆಚ್ಚಿನವರಿಗೆ ಸಾಧ್ಯವಿಲ್ಲ. ಹಾಗಾಗಿ ದೂರ ಶಿಕ್ಷಣದ ಯೋಚನೆ ಬರುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದ ಕೂಡಲೇ ಊರಿನಿಂದ ಫೋನಿನಲ್ಲಿ ಬರುವ ಮೊದಲ ಪ್ರಶ್ನೆ: "ಓ, ಕರೆಸ್ಪಾಂಡೆನ್ಸಾ? ಎಂಜಿನಿಯರಿಂಗನ್ನು ಹಾಗೆ ಓದಲು ಆಗುತ್ತದೆಯೇ?"

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುವ ಪ್ರಯತ್ನ ಈ ಲೇಖನ. ಮಕ್ಕಳೇ, ಇದು ನಿಮಗೂ ಸಂಬಂಧಿಸಿದ್ದು. ಅಪ್ಪ ಅಥವಾ ಅಮ್ಮ ಓದಲು ಕುಳಿತರೆ ಇಡೀ ಮನೆಯ ದಿನಚರಿ ಬದಲಾಗುತ್ತದೆ.

ದೊಡ್ಡ ದೇಶ, ಹಳೆಯ ದಾರಿ

ಕ್ವೀನ್ಸ್‌ಲ್ಯಾಂಡ್ ರಾಜ್ಯ ನಮ್ಮ ಕರ್ನಾಟಕಕ್ಕಿಂತ ಸುಮಾರು ಒಂಬತ್ತು ಪಟ್ಟು ದೊಡ್ಡದು. ಪಶ್ಚಿಮ ಆಸ್ಟ್ರೇಲಿಯಾ ಅದಕ್ಕಿಂತಲೂ ದೊಡ್ಡದು. ಇಷ್ಟು ವಿಶಾಲವಾದ ನಾಡಿನಲ್ಲಿ ಎಲ್ಲರೂ ನಗರಕ್ಕೆ ಬಂದೇ ಓದಬೇಕೆಂದರೆ ಆಗದ ಮಾತು. ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 1911ರಲ್ಲಿ ಪಾಠ ಆರಂಭಿಸಿದ ವರ್ಷವೇ ಅಂಚೆಯ ಮೂಲಕ ಕಲಿಸುವ ವಿಭಾಗವನ್ನೂ ತೆರೆಯಿತು. ಟಿಪ್ಪಣಿಗಳು ಅಂಚೆಯಲ್ಲಿ ಹೋಗುತ್ತಿದ್ದವು, ಬರೆದ ಉತ್ತರಗಳು ಅಂಚೆಯಲ್ಲಿ ಬರುತ್ತಿದ್ದವು.

ಅಡಿಲೇಡಿನ ಕಥೆ ಇನ್ನೂ ಸ್ವಾರಸ್ಯಕರ. ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರ್ ಅಲ್ಲಿನ ಗಣಿ ಮತ್ತು ಕೈಗಾರಿಕಾ ಶಾಲೆಯಲ್ಲಿ ಓದಿದವರು. ವಿದ್ಯುತ್ತಿಲ್ಲದ ಒಳನಾಡಿನ ದನದ ಫಾರ್ಮುಗಳಿಗಾಗಿ 1920ರ ದಶಕದ ಕೊನೆಯಲ್ಲಿ ಅವರೊಂದು ರೇಡಿಯೋ ತಯಾರಿಸಿದರು. ಸೈಕಲ್ಲಿನಂತೆ ಪೆಡಲ್ ತುಳಿದರೆ ವಿದ್ಯುತ್ ಹುಟ್ಟಿ ಆ ರೇಡಿಯೋ ಕೆಲಸ ಮಾಡುತ್ತಿತ್ತು. ಮೊದಲು ವೈದ್ಯರನ್ನು ಕರೆಯಲು ನೆರವಾದ ಈ ರೇಡಿಯೋ ಜಾಲ ಮುಂದೆ ಮಕ್ಕಳ ಶಾಲೆಗೂ ದಾರಿ ಮಾಡಿತು. ದಕ್ಷಿಣ ಆಸ್ಟ್ರೇಲಿಯಾದ ಶಿಕ್ಷಕಿ ಅಡಿಲೇಡ್ ಮೀತ್ಕೆ ಅವರ ಒತ್ತಾಸೆಯಿಂದ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 'ಸ್ಕೂಲ್ ಆಫ್ ದಿ ಏರ್' ಆರಂಭವಾಯಿತು. ನೂರಾರು ಕಿಲೋಮೀಟರ್ ಆಚೆಯ ಮಕ್ಕಳು ರೇಡಿಯೋ ಮುಂದೆ ಕುಳಿತು ಪಾಠ ಕೇಳಿದರು, ಟೀಚರ್ ಜೊತೆ ಮಾತನಾಡಿದರು.

ಅಂದರೆ ಈ ದೇಶದಲ್ಲಿ ದೂರ ಶಿಕ್ಷಣ ಎನ್ನುವುದು ಸೀಟು ಸಿಗದವರ ಕೊನೆಯ ದಾರಿಯಾಗಿ ಹುಟ್ಟಿದ್ದಲ್ಲ. ದೂರವೇ ಬದುಕಾಗಿದ್ದ ಜನರಿಗಾಗಿ ಹುಟ್ಟಿದ್ದು.

ಊರಿನ ಅನುಮಾನಕ್ಕೆ ಕಾರಣ

ನಮ್ಮ ಹಿರಿಯರ ಅನುಮಾನಕ್ಕೂ ಆಧಾರವಿದೆ. ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಬಿ.ಎ., ಬಿ.ಕಾಂ., ಎಂ.ಎ. ಓದಲು ಎಷ್ಟೋ ಶಿಕ್ಷಕರಿಗೆ, ಗುಮಾಸ್ತರಿಗೆ, ಗೃಹಿಣಿಯರಿಗೆ ಇವು ಬಾಗಿಲು ತೆರೆದವು. ಆದರೆ ಎಂಜಿನಿಯರಿಂಗ್ ವಿಷಯ ಬೇರೆಯೇ ಆಯಿತು.

ಕೆಲಸದಲ್ಲಿದ್ದ ಡಿಪ್ಲೊಮಾದವರಿಗೆ ಒಂದು ಗೌರವದ ದಾರಿಯಿತ್ತು. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಎ.ಎಂ.ಐ.ಇ. ಪರೀಕ್ಷೆಗಳನ್ನು ಸ್ವಂತವಾಗಿ ಓದಿ ಪಾಸು ಮಾಡುವುದು. ಅದು ಬಹಳ ಕಷ್ಟದ ಪರೀಕ್ಷೆ ಎಂಬ ಹೆಸರಿತ್ತು. ಬಿಟ್ಸ್ ಪಿಲಾನಿ 1979ರಿಂದ ಕಂಪನಿಗಳ ಜೊತೆ ಸೇರಿ ನೌಕರರಿಗೆ ಪದವಿ ಶಿಕ್ಷಣ ಕೊಡುತ್ತ ಬಂದಿದೆ. ಆದರೆ 2000ದ ನಂತರ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಎ.ಐ.ಸಿ.ಟಿ.ಇ. ಅನುಮತಿಯಿಲ್ಲದೆಯೇ ಅಂಚೆ ಮೂಲಕ ಎಂಜಿನಿಯರಿಂಗ್ ಪದವಿ ಕೊಟ್ಟವು. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಅದು ತಪ್ಪೆಂದು ತೀರ್ಪು ನೀಡಿತು. 2001ರಿಂದ 2005ರವರೆಗೆ ಸೇರಿದವರ ಪದವಿಗಳನ್ನು ಅಮಾನತಿನಲ್ಲಿಟ್ಟು, ಮತ್ತೆ ಪರೀಕ್ಷೆ ಬರೆಯಲು ಅವಕಾಶ ಕೊಟ್ಟಿತು. ಆಮೇಲೆ ಸೇರಿದವರ ಪದವಿಗಳು ರದ್ದಾದವು. ಬಡ್ತಿ ಪಡೆದವರು, ವರ್ಷಗಟ್ಟಲೆ ಫೀಸು ಕಟ್ಟಿದವರು ಒಂದೇ ದಿನದಲ್ಲಿ ಬರಿಗೈಯಾದರು.

ಇದರಲ್ಲಿ ನಮಗೊಂದು ಪಾಠವಿದೆ. ಅಲ್ಲಿ ಕೇಳಬೇಕಿದ್ದ ಪ್ರಶ್ನೆಗಳು ಎರಡು: ಪ್ರಯೋಗಾಲಯದ ಕೆಲಸವನ್ನು ಯಾರು, ಎಲ್ಲಿ ಮಾಡಿಸಿದರು? ಪದವಿಗೆ ಯಾರು ಮಾನ್ಯತೆ ಕೊಟ್ಟರು? ಇದೇ ಎರಡು ಪ್ರಶ್ನೆಗಳನ್ನು ನಾವು ಇಲ್ಲಿಯೂ ಕೇಳಬೇಕು.

ಪ್ರಯೋಗಾಲಯ ಎಲ್ಲಿದೆ?

ಕಾಂಕ್ರೀಟ್ ಗಟ್ಟಿಯಾಗುವುದನ್ನು ಪುಸ್ತಕದಲ್ಲಿ ಓದುವುದು ಬೇರೆ, ಅಚ್ಚಿಗೆ ಸುರಿದು, ಗಟ್ಟಿಯಾಗಲು ಬಿಟ್ಟು, ಯಂತ್ರದಲ್ಲಿಟ್ಟು ಒಡೆದು ನೋಡುವುದು ಬೇರೆ. ದೂರದಲ್ಲಿದ್ದು ಓದುವವರಿಗೆ ಇದನ್ನು ಹೇಗೆ ಕಲಿಸುವುದು? ಇಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಕ್ಯಾಂಪಸ್ಸಿಗೆ ಹೋಗಿ ಬರುವುದು. ಬ್ರಿಸ್ಬೇನಿನಿಂದ ಸುಮಾರು 125 ಕಿಲೋಮೀಟರ್ ದೂರದ ಟುವೂಂಬಾದಲ್ಲಿರುವ ದಕ್ಷಿಣ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 1970ರ ದಶಕದಿಂದಲೂ ದೂರ ಶಿಕ್ಷಣಕ್ಕೆ ಹೆಸರಾಗಿದೆ. ಅಲ್ಲಿ ಎಂಜಿನಿಯರಿಂಗ್ ಓದುವವರು ಮನೆಯಲ್ಲಿದ್ದು ಪಾಠ ಕಲಿತು, ಪ್ರಾಯೋಗಿಕ ವಿಷಯಗಳಿಗಾಗಿ ಕೆಲವು ದಿನ ಕ್ಯಾಂಪಸ್ಸಿಗೆ ಹೋಗುವ 'ರೆಸಿಡೆನ್ಶಿಯಲ್ ಸ್ಕೂಲ್' ಪದ್ಧತಿ ಇದೆ. ಪರ್ತಿನಿಂದ ಹೋಗುವವರು ವಿಮಾನದ ಖರ್ಚು, ರಜೆ ಎರಡನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಎರಡನೆಯದು ದೂರದಿಂದಲೇ ನಡೆಸುವ ಪ್ರಯೋಗಾಲಯ. ಅಡಿಲೇಡಿನ ದಕ್ಷಿಣ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ 2000ದ ದಶಕದಲ್ಲಿ 'ನೆಟ್‌ಲ್ಯಾಬ್' ಎಂಬ ವ್ಯವಸ್ಥೆ ರೂಪುಗೊಂಡಿತು. ಉಪಕರಣಗಳು ಅಡಿಲೇಡಿನಲ್ಲಿ, ವಿದ್ಯಾರ್ಥಿ ಎಲ್ಲಿಯೋ. ಇಂಟರ್ನೆಟ್ ಮೂಲಕ ನಿಜವಾದ ಸರ್ಕ್ಯೂಟ್ ಜೋಡಿಸಿ, ನಿಜವಾದ ಆಸಿಲೋಸ್ಕೋಪಿನಲ್ಲಿ ಅಲೆಗಳನ್ನು ನೋಡಿ, ಕ್ಯಾಮೆರಾದಲ್ಲಿ ಪ್ರಯೋಗಾಲಯವನ್ನೂ ಕಾಣಬಹುದಿತ್ತು. ಇದು ಕಂಪ್ಯೂಟರ್ ಆಟವಲ್ಲ; ತಪ್ಪಾಗಿ ಜೋಡಿಸಿದರೆ ಫಲಿತಾಂಶವೂ ನಿಜವಾಗಿಯೇ ತಪ್ಪುತ್ತದೆ. ಟ್ರೇಗರ್ ಓದಿದ ಶಾಲೆಯೇ ಬೆಳೆಯುತ್ತ ಹೋಗಿ ಈ ವಿಶ್ವವಿದ್ಯಾಲಯದ ಭಾಗವಾಗಿತ್ತು ಎನ್ನುವುದು ಗಮನಿಸಬೇಕಾದ ಸಂಗತಿ. ಈಗ ಅದು ಅಡಿಲೇಡಿನ ಹಳೆಯ ವಿಶ್ವವಿದ್ಯಾಲಯದೊಂದಿಗೆ ವಿಲೀನಗೊಂಡು 2026ರಿಂದ 'ಅಡಿಲೇಡ್ ಯೂನಿವರ್ಸಿಟಿ' ಆಗಿದೆ.

ಮೂರನೆಯದು ಸಿಮ್ಯುಲೇಶನ್ ತಂತ್ರಾಂಶ ಮತ್ತು ನೇರ ಆನ್‌ಲೈನ್ ತರಗತಿ. ಪರ್ತಿನಲ್ಲಿ 2008ರಲ್ಲಿ ಆರಂಭವಾದ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಜಿನಿಯರಿಂಗನ್ನಷ್ಟೇ ಕಲಿಸುವ ಸಂಸ್ಥೆ; ಅದರ ಒತ್ತು ಇಂತಹ ತರಗತಿಗಳ ಮೇಲಿದೆ. ಪಿಲ್ಬರಾದ ಗಣಿಗೆ ವಿಮಾನದಲ್ಲಿ ಹೋಗಿ, ಪಾಳಿ ಮುಗಿಸಿ ಮನೆಗೆ ಬರುವ ಪರ್ತಿನ ಎಂಜಿನಿಯರುಗಳಿಗೆ ಕ್ಯಾಂಪಸ್ ತರಗತಿ ಹೊಂದುವುದಿಲ್ಲ. ಶಿಬಿರದ ಕೋಣೆಯಲ್ಲಿ ಕುಳಿತು ಕೇಳುವ ಪಾಠ ಹೊಂದುತ್ತದೆ.

ಎಲ್ಲ ಮಾಸ್ಟರ್ಸ್ ಪದವಿಗಳೂ ಒಂದೇ ಅಲ್ಲ

ಇದು ಪೋಷಕರು ಗಮನವಿಟ್ಟು ಓದಬೇಕಾದ ಭಾಗ. ಇಲ್ಲಿ ಎಂಜಿನಿಯರಿಂಗ್ ಮಾಸ್ಟರ್ಸ್ ಪದವಿಗಳು ಸ್ಥೂಲವಾಗಿ ಎರಡು ಬಗೆ. ಒಂದು, ವೃತ್ತಿಗೆ ಪ್ರವೇಶ ಕೊಡುವ ಪದವಿ; ಇದಕ್ಕೆ ಎಂಜಿನಿಯರ್ಸ್ ಆಸ್ಟ್ರೇಲಿಯಾ ಸಂಸ್ಥೆಯ ಮಾನ್ಯತೆ ಇರಬೇಕು. ಇನ್ನೊಂದು, ಈಗಾಗಲೇ ಎಂಜಿನಿಯರ್ ಆದವರು ತಮ್ಮ ವಿಷಯದಲ್ಲಿ ಆಳಕ್ಕಿಳಿಯಲು ಓದುವ ಪದವಿ. ಇದಕ್ಕೆ ಆ ಮಾನ್ಯತೆ ಇಲ್ಲದಿರಬಹುದು. ಎರಡೂ ಒಳ್ಳೆಯವೇ, ಆದರೆ ಉದ್ದೇಶ ಬೇರೆ. ಹೆಸರು ನೋಡಿ ನಿರ್ಧರಿಸುವಂತಿಲ್ಲ. ಎಂಜಿನಿಯರ್ಸ್ ಆಸ್ಟ್ರೇಲಿಯಾ ಪ್ರಕಟಿಸುವ ಮಾನ್ಯತೆ ಪಟ್ಟಿಯಲ್ಲಿ ಆ ಕೋರ್ಸ್ ಇದೆಯೇ ಎಂದು ನೋಡಬೇಕು. ಸಂಸ್ಥೆ ನಂಬಲರ್ಹವೇ ಎಂದು ತಿಳಿಯಲು ಟೆಕ್ಸಾ ಎಂಬ ಸರ್ಕಾರಿ ನಿಯಂತ್ರಕರ ರಾಷ್ಟ್ರೀಯ ನೋಂದಣಿ ಪಟ್ಟಿಯನ್ನು ನೋಡಬೇಕು.

ಕ್ವೀನ್ಸ್‌ಲ್ಯಾಂಡಿನಲ್ಲಿ ಇದು ಇನ್ನಷ್ಟು ಮುಖ್ಯ. ಅಲ್ಲಿ ವೃತ್ತಿಪರ ಎಂಜಿನಿಯರಿಂಗ್ ಸೇವೆ ನೀಡುವವರು ನೋಂದಾಯಿತರಾಗಿರಬೇಕು, ಇಲ್ಲವೇ ನೋಂದಾಯಿತ ಎಂಜಿನಿಯರ್ ಒಬ್ಬರ ನೇರ ಮೇಲ್ವಿಚಾರಣೆಯಲ್ಲಿ ದುಡಿಯಬೇಕು. ನೋಂದಣಿಗೆ ವಿದ್ಯಾರ್ಹತೆಯನ್ನೂ ಅನುಭವವನ್ನೂ ಪರಿಶೀಲಿಸುತ್ತಾರೆ.

ಗಂಟೆ ಮತ್ತು ಹಣದ ಲೆಕ್ಕ

ಮಕ್ಕಳೇ, ಇಲ್ಲೊಂದು ಗಣಿತ ಮಾಡೋಣ. ಒಂದು ವಿಷಯಕ್ಕೆ ವಾರಕ್ಕೆ ಸುಮಾರು 10 ಗಂಟೆ ಬೇಕು. ಅಮ್ಮ ಎರಡು ವಿಷಯ ತೆಗೆದುಕೊಂಡರೆ 20 ಗಂಟೆ. ವಾರದ ಕೆಲಸ 38 ಗಂಟೆ. ಒಟ್ಟು 58! ಪದವಿಯಲ್ಲಿ 16 ವಿಷಯಗಳಿದ್ದು, ವರ್ಷಕ್ಕೆ ಎರಡು ಸೆಮಿಸ್ಟರ್ ಇದ್ದರೆ, ಸೆಮಿಸ್ಟರಿಗೆ ಎರಡರಂತೆ ನಾಲ್ಕು ವರ್ಷ ಬೇಕು. ಅಮ್ಮ ಸೇರುವಾಗ ಮೂರನೇ ತರಗತಿಗೆ ಕಾಲಿಟ್ಟ ಮಗು, ಅಮ್ಮ ಮುಗಿಸುವಾಗ ಆರನೇ ತರಗತಿ ದಾಟಿರುತ್ತದೆ.

ನೇರ ತರಗತಿ ಇದ್ದರೆ ಗಡಿಯಾರವನ್ನೂ ನೋಡಿ. ಬ್ರಿಸ್ಬೇನಿನಲ್ಲಿ ಸಂಜೆ 7 ಗಂಟೆಗೆ ಪಾಠವೆಂದರೆ ಪರ್ತಿನಲ್ಲಿ ಆಗಿನ್ನೂ 5 ಗಂಟೆ, ಅಪ್ಪ ಫ್ರೀವೇ ಮೇಲಿರುತ್ತಾರೆ. ಅಡಿಲೇಡಿನಲ್ಲಿ ಚಳಿಗಾಲದಲ್ಲಿ 6.30, ಬೇಸಿಗೆಯಲ್ಲಿ 7.30. ಧ್ವನಿಮುದ್ರಿತ ಪಾಠ ಸಿಗುತ್ತದೆಯೇ ಎಂದು ಕೇಳುವುದು ಸಣ್ಣ ವಿಷಯವಲ್ಲ.

ಇನ್ನು ಹಣ. ಆಸ್ಟ್ರೇಲಿಯಾದ ಪೌರರಿಗೆ ಫೀ-ಹೆಲ್ಪ್ ಎಂಬ ಸರ್ಕಾರಿ ಸಾಲದ ಸೌಲಭ್ಯವಿದೆ. ಪಿ.ಆರ್. ಇರುವವರಿಗೆ ಸಾಮಾನ್ಯವಾಗಿ ಅದಿಲ್ಲ. ಫೀಸನ್ನು ಮೊದಲೇ ಕಟ್ಟಬೇಕು. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಕೋರ್ಸಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಆನ್‌ಲೈನಿನಲ್ಲಿ ಓದುವಂತಿಲ್ಲ. ಓದು ಈಗಿನ ಕೆಲಸಕ್ಕೆ ನೇರ ಸಂಬಂಧಿಸಿದ್ದರೆ ತೆರಿಗೆ ವಿನಾಯಿತಿ ಸಿಗುವ ಸಾಧ್ಯತೆಯಿದೆ. ತೆರಿಗೆ ಏಜೆಂಟರನ್ನು ಕೇಳಿ. 'ಸೆನ್ಸಸ್ ಡೇಟ್' ಎಂಬ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಅದರೊಳಗೆ ವಿಷಯ ಬಿಟ್ಟರೆ ಅದರ ಫೀಸಿನ ಹೊಣೆ ಇಲ್ಲ, ದಾಟಿದರೆ ಹಣ ಹೋದಂತೆಯೇ.

ಒಂದು ಸಮಾಧಾನವೂ ಇದೆ. ಅನೇಕ ಕಡೆ ನಾಲ್ಕು ವಿಷಯ ಮುಗಿಸಿದರೆ ಗ್ರಾಜುಯೇಟ್ ಸರ್ಟಿಫಿಕೇಟ್, ಎಂಟು ಮುಗಿಸಿದರೆ ಗ್ರಾಜುಯೇಟ್ ಡಿಪ್ಲೊಮಾ ಸಿಗುತ್ತದೆ. ಮೊದಲು ನಾಲ್ಕು ವಿಷಯಕ್ಕೆ ಸೇರಿ, ಮನೆಗೂ ಮನಸ್ಸಿಗೂ ಒಗ್ಗುತ್ತದೆಯೇ ನೋಡಿ, ಆಮೇಲೆ ಮುಂದುವರಿಯಬಹುದು. ನಡುವೆ ನಿಂತರೂ ಕೈ ಬರಿದಾಗುವುದಿಲ್ಲ.

ಮನೆಯವರ ಪಾಲು

ಕಾಲೇಜಿನಲ್ಲಿ ಓದುವವರಿಗೆ ಗೆಳೆಯರಿರುತ್ತಾರೆ, ಗಂಟೆ ಬಾರಿಸುತ್ತದೆ, ಗ್ರಂಥಾಲಯವಿರುತ್ತದೆ. ಮನೆಯಲ್ಲಿ ಓದುವವರಿಗೆ ಅವೆಲ್ಲವೂ ಮನೆಯವರೇ. ಊಟದ ಮೇಜೇ ತರಗತಿ. ಗಂಡ ಓದುವಾಗ ಹೆಂಡತಿ ಎಲ್ಲ ಸಂಭಾಳಿಸುವುದು ನಮ್ಮಲ್ಲಿ ಸಹಜವೆನಿಸುತ್ತದೆ; ಹೆಂಡತಿ ಓದುವಾಗಲೂ ಅದು ಅಷ್ಟೇ ಸಹಜವಾಗಬೇಕು. ಅಡುಗೆ, ಮಕ್ಕಳನ್ನು ಕರೆತರುವುದು, ಊರಿಗೆ ಫೋನ್ ಮಾಡುವುದು ಯಾರ ಪಾಲಿಗೆ ಎಂದು ಅರ್ಜಿ ಹಾಕುವ ಮೊದಲೇ ಕುಳಿತು ಮಾತನಾಡಿ.

ಮಕ್ಕಳೇ, ನೀವೂ ಸಹಾಯ ಮಾಡಬಹುದು. ಅವರು ಓದುವಾಗ ನೀವೂ ಅದೇ ಮೇಜಿನಲ್ಲಿ ಕನ್ನಡ ಕಾಗುಣಿತ ಬರೆಯಿರಿ. ಅವರ ಅಸೈನ್‌ಮೆಂಟಿನ ಕೊನೆಯ ದಿನವನ್ನು ಫ್ರಿಜ್ಜಿನ ಮೇಲೆ ಅಂಟಿಸಿ. ಒಮ್ಮೆ ಕಡಿಮೆ ಅಂಕ ಬಂದರೆ ಬೈಯಬೇಡಿ!

ಸೇರುವ ಮೊದಲು ಕೇಳಬೇಕಾದ ಐದು ಪ್ರಶ್ನೆಗಳು

1. ಈ ಪದವಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ ಮಾನ್ಯತೆ ಇದೆಯೇ? ನನಗೆ ಅದು ಬೇಕೇ?
2. ಪ್ರಯೋಗಾಲಯದ ಕೆಲಸ ಎಲ್ಲಿ, ಎಷ್ಟು ದಿನ?
3. ಪರೀಕ್ಷೆ ಮನೆಯಲ್ಲೋ, ಕೇಂದ್ರದಲ್ಲೋ? ನನ್ನ ನಗರದ ಸಮಯಕ್ಕೆ ಹೊಂದುತ್ತದೆಯೇ?
4. ಹಿಂದಿನ ಓದು, ಅನುಭವಕ್ಕೆ ಎಷ್ಟು ವಿಷಯಗಳ ವಿನಾಯಿತಿ ಸಿಗುತ್ತದೆ?
5. ನಡುವೆ ಒಂದು ಸೆಮಿಸ್ಟರ್ ಬಿಡಬೇಕಾಗಿ ಬಂದರೆ ಏನು ನಿಯಮ?

ಈ ಐದಕ್ಕೂ ಸ್ಪಷ್ಟ ಉತ್ತರ ಸಿಕ್ಕರೆ, ಊರಿನ ಫೋನಿಗೂ ಧೈರ್ಯವಾಗಿ ಉತ್ತರಿಸಬಹುದು: ಹೌದು, ಎಂಜಿನಿಯರಿಂಗನ್ನು ಹೀಗೂ ಓದಲು ಆಗುತ್ತದೆ. ದೂರವಿರುವುದು ತರಗತಿ ಮಾತ್ರ. ದುಡಿಮೆ, ಪ್ರಯೋಗ, ಪರೀಕ್ಷೆ ಯಾವುದೂ ದೂರವಾಗುವುದಿಲ್ಲ.

ಮಕ್ಕಳಿಗೆ: ಈ ತಿಂಗಳ ಪದಗಳು

ಸ್ನಾತಕೋತ್ತರ ಪದವಿ – ಮೊದಲ ಪದವಿಯ ನಂತರ ಓದುವ ಮೇಲಿನ ಪದವಿ.
ಮಾನ್ಯತೆ – ಇದು ಸರಿಯಾಗಿದೆ ಎಂದು ಅಧಿಕಾರವುಳ್ಳವರು ಒಪ್ಪುವುದು.
ಪ್ರಯೋಗಾಲಯ – ಮಾಡಿ ನೋಡಿ ಕಲಿಯುವ ಜಾಗ. ಪ್ರಯೋಗ + ಆಲಯ. ಇದು ಯಾವ ಸಂಧಿ?
ಅಂಚೆ – ಪತ್ರ, ಪೊಟ್ಟಣಗಳನ್ನು ತಲುಪಿಸುವ ವ್ಯವಸ್ಥೆ.

ಮನೆಗೆಲಸ: ನಿಮ್ಮ ಅಜ್ಜ, ಅಜ್ಜಿ ಅಥವಾ ಮನೆಯ ಹಿರಿಯರಿಗೆ ಫೋನ್ ಮಾಡಿ, ಅವರ ಕಾಲದಲ್ಲಿ ಕೆಲಸ ಮಾಡುತ್ತಲೇ ಓದಿದವರು ಯಾರಿದ್ದರು ಎಂದು ಕೇಳಿ. ಅವರು ಹೇಳಿದ್ದನ್ನು ಐದು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆದು ಮುಂದಿನ ತರಗತಿಗೆ ತನ್ನಿ.