ದೂರಶಿಕ್ಷಣದಲ್ಲಿ ಉತ್ತರದ ಸ್ಥಾನ

ಮನೆಯಲ್ಲಿದ್ದುಕೊಂಡೇ ವಿಶ್ವವಿದ್ಯಾನಿಲಯದ ಪಾಠವನ್ನು ಕಲಿಯುವ ಪದ್ಧತಿಯು ಅಂತರ್ಜಾಲಕ್ಕಿಂತ ಹಳೆಯದು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಅದರ ಮುಂದುವರಿಕೆಯಾಗಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅಂದು ಮುದ್ರಿತ ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. 2017ರಲ್ಲಿ ಆರಂಭವಾದ ‘ಸ್ವಯಂ’ ಮೊದಲಾದ ವೇದಿಕೆಗಳಲ್ಲಿ ಇಂದು ದೃಶ್ಯಪಾಠಗಳೇ ದೊರೆಯುತ್ತವೆ. ಆದರೂ ಸೇರುವವರು ಬಹುಮಂದಿ, ಮುಗಿಸುವವರು ಕೆಲವರು ಎಂಬ ಹಳೆಯ ಕೊರತೆ ಉಳಿದೇ ಇದೆ.

ಇದಕ್ಕೆ ವಿದ್ಯಾರ್ಥಿಯ ಆಲಸ್ಯವೇ ಕಾರಣವೆನ್ನುವುದು ಸುಲಭ. ಆದರೆ ತರಗತಿಯಲ್ಲಿ ತಪ್ಪು ಆಗಿಂದಾಗ್ಗೆ ತಿದ್ದಲ್ಪಡುತ್ತದೆ. ಗೈರುಹಾಜರಿಯು ಕೂಡಲೇ ಅಧ್ಯಾಪಕರ ಗಮನಕ್ಕೆ ಬರುತ್ತದೆ. ದೂರಶಿಕ್ಷಣದಲ್ಲಿ ಈ ಎರಡು ಕೆಲಸಗಳೂ ಮುಖ್ಯವಾಗಿ ನಡೆಯತಕ್ಕದ್ದು ವಿದ್ಯಾರ್ಥಿಯು ಬರೆದು ಕಳುಹಿಸುವ ‘ಅಸೈನ್‌ಮೆಂಟ್’ ಹಾಗೂ ಅದಕ್ಕೆ ಬರುವ ಉತ್ತರದ ಮೂಲಕ. 1969ರಲ್ಲಿ ಸ್ಥಾಪಿತವಾದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವು ಇಂಥ ಬರಹದ ಮೇಲೆ ಶಿಕ್ಷಕರು ಬರೆಯುವ ಟಿಪ್ಪಣಿಯನ್ನು ಬೋಧನೆಯ ಅಂಗವಾಗಿಯೇ ಎಣಿಸಿತು. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಅನೇಕ ಪತ್ರಿಕೆಗಳಲ್ಲಿ ಇದಕ್ಕೆ ಶೇಕಡಾ 30 ಅಂಕಗಳನ್ನು ಮೀಸಲಿಟ್ಟಿದೆ. ಆದರೆ ಬರಿಯ ಅಂಕದಿಂದ ಮುಂದೇನು ಮಾಡಬೇಕೆಂಬುದು ತಿಳಿಯದು. ಎಲ್ಲಿ ಎಡವಿದೆ, ಯಾವ ಪುಟವನ್ನು ಮತ್ತೆ ಓದಬೇಕು ಎಂಬ ಎರಡು ಸಾಲು ಸಕಾಲದಲ್ಲಿ ಬಂದರೆ ವಿದ್ಯಾರ್ಥಿ ನಿಲ್ಲುತ್ತಾನೆ.

ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಈ ತತ್ತ್ವ ಪರಿಚಿತವೇ. ಕಂತು 90 ದಿನಕ್ಕೂ ಮೀರಿ ಬಾಕಿ ನಿಂತರೆ ಸಾಲವು ಅನುತ್ಪಾದಕವೆನಿಸುತ್ತದೆ. ಎಚ್ಚರವುಳ್ಳ ಅಧಿಕಾರಿಯು ಮೊದಲ ಕಂತು ತಪ್ಪಿದಾಗಲೇ ವಿಚಾರಿಸುತ್ತಾನೆ. ಅಂತೆಯೇ ಮೊದಲ ಅಸೈನ್‌ಮೆಂಟ್ ಬಾರದಿದ್ದಾಗಲೇ ವಿದ್ಯಾರ್ಥಿಯನ್ನು ಮಾತನಾಡಿಸಬೇಕು. ಪರೀಕ್ಷೆಯ ಹೊತ್ತಿಗೆ ಕೇಳಿ ಫಲವಿಲ್ಲ.

ಪುಣೆಯ ಕನ್ನಡಿಗರಿಗೆ ಇದು ಹತ್ತಿರದ ಪ್ರಶ್ನೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2020ರ ನಿಯಮಾವಳಿಯಂತೆ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯದ ದೂರಶಿಕ್ಷಣವು ಆ ರಾಜ್ಯದ ಎಲ್ಲೆಯೊಳಗೇ ನಡೆಯಬೇಕು. ಅನುಮೋದಿತ ಆನ್‌ಲೈನ್ ಪಾಠಕ್ರಮಕ್ಕೆ ಆ ಎಲ್ಲೆ ಇಲ್ಲ. ಹೀಗಾಗಿ ಕನ್ನಡದ ಪಾಠವು ಇಲ್ಲಿಗೆ ತಲುಪಬಹುದು, ಅದರ ಅಧ್ಯಯನ ಕೇಂದ್ರವು ತಲುಪದು. ಪದವಿಯನ್ನು ಅರ್ಧಕ್ಕೆ ಬಿಟ್ಟು, ಮದುವೆಯಾಗಿ ಧಾರವಾಡ, ವಿಜಯಪುರಗಳ ಕಡೆಯಿಂದ ಈ ಊರಿಗೆ ಬಂದ ಹೆಣ್ಣುಮಕ್ಕಳಿಗೆ ಈ ಅಂತರವೇ ದೊಡ್ಡ ತೊಡಕು.

ಸಂಘಗಳು ಇದನ್ನು ತುಂಬಬಲ್ಲವು. ಸೇರುವ ಮೊದಲು ಆಯೋಗದ ಅನುಮೋದನೆಯನ್ನು ನೋಡಿಕೊಡುವುದು. ವಾರಕ್ಕೊಂದು ಸಂಜೆ ವಾಚನಾಲಯದಲ್ಲಿ ವಿಷಯ ಬಲ್ಲವರೊಬ್ಬರು ಕುಳಿತು ಬರಹವನ್ನು ಓದಿ ಸಂದೇಹ ತೀರಿಸುವುದು. ಎರಡು ವಾರ ಬಾರದವರ ಮನೆಗೆ ದೂರವಾಣಿ ಮಾಡುವುದು. ಉತ್ತರವನ್ನು ತಾವೇ ಬರೆದುಕೊಡಬಾರದೆಂಬುದು ಒಂದೇ ನಿಯಮ. ಇದಕ್ಕೆ ಹಣ ಹೆಚ್ಚು ಬೇಡ. ವಾರ ತಪ್ಪದೆ ಬರುವ ನಾಲ್ವರು ಸದಸ್ಯರು ಸಾಕು.