ಚೀಟಿಯಲ್ಲಿ ‘ಎಸ್‌ಒಎಸ್’ ಇದ್ದರೆ ಗಾಬರಿ ಬೇಡ

ನಿಮಗಿದು ಗೊತ್ತೆ?

ವೈದ್ಯರ ಚೀಟಿಯಲ್ಲಿ ಮಾತ್ರೆಯ ಹೆಸರಿನ ಮುಂದೆ ಬರುವ ‘ಎಸ್‌ಒಎಸ್’ಗೂ ಹಡಗಿನವರ ಅಪಾಯದ ಕರೆಗೂ ಸಂಬಂಧವಿಲ್ಲ. ಅದು ‘ಸಿ ಓಪಸ್ ಸಿಟ್’ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು. ಅಗತ್ಯ ಬಿದ್ದರೆ ಮಾತ್ರ ಎಂದರ್ಥ. ಜ್ವರದ ಮಾತ್ರೆಗೆ ಹೀಗೆ ಬರೆದಿದ್ದರೆ, ಜ್ವರ ಇಳಿದ ಮೇಲೆ ನುಂಗಬೇಕಿಲ್ಲ.

ಯುರೋಪಿನಲ್ಲಿ ಶತಮಾನಗಳ ಕಾಲ ವೈದ್ಯವಿದ್ಯೆ ಕಲಿಸಿದ್ದು ಲ್ಯಾಟಿನ್‌ನಲ್ಲೇ. ಚೀಟಿಯ ನೆತ್ತಿಯ ಮೇಲಿನ ‘ಆರ್‌ಎಕ್ಸ್’ ಗುರುತು ‘ರೆಸಿಪೆ’, ಅಂದರೆ ‘ತೆಗೆದುಕೋ’. ಅಡುಗೆಯ ರೆಸಿಪಿಯೂ ಇದೇ ಮೂಲದ್ದು! ದಿನಕ್ಕೆರಡು ಸಲ ಎಂದರೆ ‘ಬಿ.ಡಿ.’, ಮೂರು ಸಲವಾದರೆ ‘ಟಿ.ಡಿ.ಎಸ್.’, ಊಟಕ್ಕೆ ಮುಂಚೆ ‘ಎ.ಸಿ.’, ಊಟವಾದ ಮೇಲೆ ‘ಪಿ.ಸಿ.’, ಮಲಗುವಾಗ ‘ಎಚ್.ಎಸ್.’.

‘ಒ.ಡಿ.’ ಮಾತ್ರ ಎರಡು ಕಡೆ ಎರಡು ಅರ್ಥ ಕೊಡುತ್ತದೆ. ಮಾತ್ರೆಯ ಪಕ್ಕದಲ್ಲಿದ್ದರೆ ದಿನಕ್ಕೊಮ್ಮೆ, ಕನ್ನಡಕದ ಚೀಟಿಯಲ್ಲಿದ್ದರೆ ಬಲಗಣ್ಣು. ‘ಒ.ಎಸ್.’ ಎಡಗಣ್ಣು.

ಈ ಗಿಡ್ಡ ಬರಹದಿಂದ ಜೀವಕ್ಕೇ ಕುತ್ತು ಬರುವುದುಂಟು. ಇನ್ಸುಲಿನ್‌ನ ‘ಯೂನಿಟ್’ ಅನ್ನು ಬರೀ ‘ಯು’ ಎಂದು ಗೀಚಿದರೆ ಅದು ಸೊನ್ನೆಯಂತೆ ಕಾಣುತ್ತದೆ. 4 ಯೂನಿಟ್ ಕೊಡಬೇಕಾದ ನರ್ಸ್ 40 ಎಂದು ಓದಿದರೆ, ರೋಗಿಯ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಹೊರಡಿಸಿದ ‘ಬಳಸಬಾರದ’ ಅಕ್ಷರಗಳ ಪಟ್ಟಿಯಲ್ಲಿ ಈ ‘ಯು’ ಕೂಡ ಇದೆ. ನಮ್ಮಲ್ಲಿ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮ ತಿದ್ದಿ, ಔಷಧದ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆಯಬೇಕೆಂದು ವೈದ್ಯರಿಗೆ ಹೇಳಿತು.