ಹಾಲಿನ ಸಹಕಾರ ಸಂಘದಲ್ಲಿ ರೈತ ಮಹಿಳೆಯ ಪಾಲು

ಕರ್ನಾಟಕದಲ್ಲಿ ಸಹಕಾರ ಚಳವಳಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಪ್ರಾರಂಭವಾಯಿತು. ಆದರೆ ಸದಸ್ಯರ ಪುಸ್ತಕದಲ್ಲಿ ಮನೆಯ ಯಜಮಾನನ ಹೆಸರು ಬರೆಯಿಸುವ ರೂಢಿ ಇನ್ನೂ ಬಿಟ್ಟಿಲ್ಲ. ಈ ರೂಢಿಯ ಕೊರತೆ ಹಾಲಿನ ಸಂಘಗಳಲ್ಲಿ ಎದ್ದು ಕಾಣುತ್ತದೆ.

ದುಡಿಮೆ ಒಬ್ಬರದು, ಹೆಸರು ಇನ್ನೊಬ್ಬರದು

ದಾವಣಗೆರೆ ಮತ್ತು ಹರಿಹರದ ಸುತ್ತಿನ ಹಳ್ಳಿಗಳಿಗೆ ಭದ್ರಾ ನಾಲೆಯ ನೀರಿದೆ. ಭತ್ತದ ಹುಲ್ಲು ದನಗಳಿಗೆ ಮೇವಾಗುತ್ತದೆ. ಎರಡು ಪಟ್ಟಣಗಳಲ್ಲಿ ಹಾಲಿಗೆ ಬೇಡಿಕೆಯೂ ಇದೆ. ಕೊಟ್ಟಿಗೆ ಬಾಚುವುದು, ಮೇವು ಹಾಕುವುದು, ಕರುವನ್ನು ನೋಡಿಕೊಳ್ಳುವುದು, ಹಾಲು ಕರೆಯುವುದು ಹೆಚ್ಚಾಗಿ ಹೆಣ್ಣುಮಕ್ಕಳ ಕೆಲಸ. ಸಭೆಗೆ ಹೋಗುವುದು, ಮತ ಹಾಕುವುದು ಮಾತ್ರ ಗಂಡಸರ ಕೆಲಸವಾಗಿ ಉಳಿದಿದೆ.

ಮನೆಗೆಲಸಕ್ಕೂ ಹಾಲಿನ ದರಕ್ಕೂ ಇರುವ ನಂಟು

ಹಸು ಸೊರೆ ಬಿಟ್ಟ ಮೇಲೆ ಐದರಿಂದ ಏಳು ನಿಮಿಷಗಳೊಳಗೆ ಹಾಲು ಕರೆದು ಮುಗಿಸಬೇಕು. ಕೊನೆಯಲ್ಲಿ ಬರುವ ಹಾಲಿನಲ್ಲಿ ಜಿಡ್ಡಿನ ಅಂಶ ಹೆಚ್ಚು. ಸಂಘವು ಜಿಡ್ಡು ಮತ್ತು ಜಿಡ್ಡೇತರ ಘನಾಂಶ ನೋಡಿ ಹಣ ಕೊಡುತ್ತದೆ. ಒಲೆಯ ಮೇಲಿನ ಅನ್ನ ಅಥವಾ ಅಳುವ ಮಗುವಿನ ಕಡೆಗೆ ನಡುವೆ ಎದ್ದು ಓಡಬೇಕಾದರೆ ಕೊನೆಯ ಹಾಲು ಕೆಚ್ಚಲಿನಲ್ಲಿಯೇ ಉಳಿಯುತ್ತದೆ. ದರ ಕಡಿಮೆಯಾಗುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಾರೆ. ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ.

ಕಾನೂನಿನ ಆಸರೆ

1986-87ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ಟೆಪ್’ ಯೋಜನೆಯ ನೆರವಿನಿಂದ ರಾಜ್ಯದಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘಗಳು ಬೆಳೆದವು. ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನಗಳೂ ಇವೆ. ಆದರೆ ಹೆಂಡತಿಯ ಹೆಸರಿನಲ್ಲಿ ಗಂಡನೇ ಸಂಘ ನಡೆಸಿದರೆ ಈ ಸವಲತ್ತು ಕಾಗದದಲ್ಲಿಯೇ ಉಳಿಯುತ್ತದೆ. ಮನೆಗೆಲಸ ಹಂಚಿಕೊಳ್ಳದೆ ಬರಿ ಸದಸ್ಯತ್ವ ಕೊಟ್ಟರೆ ಅದು ಅವಳಿಗೆ ಇನ್ನೊಂದು ಹೊರೆ.

ಅನುಸರಿಸಬೇಕಾದ ಕ್ರಮಗಳು

1. ಹಸು ಸಾಕುವ ಮಹಿಳೆಯ ಹೆಸರಿನಲ್ಲಿಯೇ ಷೇರು, ಹಾಲಿನ ಪುಸ್ತಕ ಮತ್ತು ಬ್ಯಾಂಕ್ ಖಾತೆ ಇರಬೇಕು.

2. ಸಭೆಯನ್ನು ಮಧ್ಯಾಹ್ನದ ಊಟದ ನಂತರ, ಸಂಜೆ ಹಾಲು ಕರೆಯುವ ಮುನ್ನ ಕರೆಯುವುದು ಲೇಸು. ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ಒಳಗೆ ನಡೆಯಬೇಕಾಗುತ್ತದೆ. ಅದು ಭತ್ತದ ನಾಟಿ, ಕಳೆಯ ಕಾಲ. ಆದ್ದರಿಂದ ದಿನವನ್ನು ಮಹಿಳೆಯರನ್ನು ಕೇಳಿಯೇ ಗೊತ್ತುಮಾಡಬೇಕು.

3. ಹಾಲು ಕರೆಯುವ ಹೊತ್ತಿನಲ್ಲಿ ಒಲೆ, ಮಕ್ಕಳು, ನೀರು ಇವುಗಳನ್ನು ಮನೆಯ ಗಂಡಸರು ನೋಡಿಕೊಳ್ಳಬೇಕು.

4. ದಿನಕ್ಕೆ ಸುಮಾರು 50 ಕಿಲೋ ಸಗಣಿ ದೊರೆಯುವ ಮನೆಯಲ್ಲಿ 2 ಘನ ಮೀಟರಿನ ಗೋಬರ್ ಅನಿಲ ಸ್ಥಾವರ ಕಟ್ಟಿಸಬಹುದು. ಸೌದೆ ತರುವ, ಮಸಿ ಪಾತ್ರೆ ತಿಕ್ಕುವ ಸಮಯ ಉಳಿಯುತ್ತದೆ. ಬಗ್ಗಡ ಗದ್ದೆಗೆ ಗೊಬ್ಬರವಾಗುತ್ತದೆ.

5. ಹಾಲಿನ ಪರೀಕ್ಷೆ ಮತ್ತು ಲೆಕ್ಕ ಬರೆಯುವ ತರಬೇತಿಯನ್ನು ಮಹಿಳೆಯರಿಗೆ ಕೊಡಿಸಬೇಕು. ಈ ಬಗ್ಗೆ ಹಾಲು ಒಕ್ಕೂಟದ ವಿಸ್ತರಣಾಧಿಕಾರಿಗಳನ್ನು ಅಥವಾ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ಯಾವ ಹಸು ಮೇವು ಬಿಟ್ಟಿದೆ, ಯಾವುದರ ಹಾಲು ಇಳಿದಿದೆ ಎಂಬುದು ಮೊದಲು ತಿಳಿಯುವುದು ದಿನವೂ ಕರೆಯುವವಳಿಗೆ. ಆ ಅರಿವು ಸಂಘದ ಸಭೆಯಲ್ಲಿ ಮಾತಾಗಿ ಬಂದರೆ ಪಶು ಆಹಾರ, ಚಿಕಿತ್ಸೆ, ದರ ಇವುಗಳ ತೀರ್ಮಾನ ಸರಿಯಾದೀತು. ಮನೆಗೂ ಸಂಘಕ್ಕೂ ಲಾಭವಾದೀತು.